ತಿರುಗಿಸಿ ಹಿಡಿದರೆ ತ್ರಿಭುಜವನ್ನೇ ಒಪ್ಪದ ಮಕ್ಕಳು: ಆಕೃತಿಗಳನ್ನು ಕೈಕೆಲಸದ ಮೂಲಕ ಕಲಿಸುವುದು ಹೇಗೆ?

ಪ್ರಶ್ನೆ: ನಲಿಕಲಿ ಶಿಕ್ಷಕಿ, ಹಾವೇರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಹಳ್ಳಿಯೊಂದರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಂದರಿಂದ ಮೂರನೆಯ ತರಗತಿಯವರೆಗಿನ 23 ಮಕ್ಕಳಿಗೆ ಒಂದೇ ಕೋಣೆಯಲ್ಲಿ, ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ಪದ್ಧತಿಯಲ್ಲಿ ಪಾಠ ಮಾಡುತ್ತಿದ್ದೇನೆ. ಎಣಿಕೆ, ಕೂಡುವುದು, ಕಳೆಯುವುದು ಇವುಗಳಲ್ಲಿ ನಮ್ಮ ಮಕ್ಕಳು ಚೆನ್ನಾಗಿಯೇ ಇದ್ದಾರೆ. ಹುಣಸೆಬೀಜ, ಕಡ್ಡಿಕಟ್ಟು, ಮಣಿಸರ ಹಿಡಿದುಕೊಂಡು ಒಂದೊಂದೇ ಮೈಲಿಗಲ್ಲನ್ನು ದಾಟುತ್ತಾರೆ. ಆಕೃತಿಗಳ ಪಾಠಕ್ಕೆ ಬಂದಾಗ ಮಾತ್ರ ನಾನು ಕಲಿಸುವ ರೀತಿಯಲ್ಲಿಯೇ ಏನೋ ಕೊರತೆ ಇದೆ ಎಂದು ಅನ್ನಿಸುತ್ತಿರುವುದರಿಂದ ನಿಮ್ಮೆಲ್ಲರ ಸಲಹೆ ಕೇಳುತ್ತಿದ್ದೇನೆ.

ಗೋಡೆಯ ಮೇಲಿನ ಪಟದಲ್ಲಿರುವ ತ್ರಿಭುಜವನ್ನು ಎಲ್ಲ ಮಕ್ಕಳೂ ಥಟ್ಟನೆ ಗುರುತಿಸುತ್ತಾರೆ. ಕಳೆದ ವಾರ ಹಳೆಯ ಲಗ್ನಪತ್ರಿಕೆಯ ರಟ್ಟಿನಿಂದ ಅದೇ ತ್ರಿಭುಜವನ್ನು ಕತ್ತರಿಸಿ, ಚೂಪು ತುದಿ ಕೆಳಗಾಗುವಂತೆ ಹಿಡಿದು ತೋರಿಸಿದೆ. ಎರಡನೆಯ ತರಗತಿಯ ಹುಡುಗಿಯೊಬ್ಬಳು, “ಅಕ್ಕೋರೆ, ಅದು ಬಿದ್ದೈತ್ರಿ, ತ್ರಿಭುಜ ಅಲ್ರಿ” ಎಂದಳು. ಉಳಿದವರಲ್ಲಿ ಹೆಚ್ಚಿನವರು ಅವಳ ಮಾತಿಗೇ ದನಿಗೂಡಿಸಿದರು. ಉದ್ದವಾಗಿ, ಸಪೂರವಾಗಿ ಕತ್ತರಿಸಿದ ಇನ್ನೊಂದು ತ್ರಿಭುಜವನ್ನು ಅವರು ಮುಳ್ಳು ಎಂದು ಕರೆದರು. ಚೌಕವನ್ನು ಮೂಲೆಯ ಮೇಲೆ ನಿಲ್ಲಿಸಿದ ಕೂಡಲೇ ಅದು ಗಾಳಿಪಟವಾಯಿತು. ಎಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿದ ಸಂಗತಿಯೆಂದರೆ, ಮೂಲೆಗಳನ್ನು ದುಂಡಗೆ ಸವರಿದ, ಬದಿಗಳು ಸ್ವಲ್ಪ ಬಾಗಿದ ಸಮೋಸದಂತಹ ತುಂಡನ್ನು ಮಾತ್ರ ಅವರು ಯಾವ ಅನುಮಾನವೂ ಇಲ್ಲದೆ ತ್ರಿಭುಜವೆಂದು ಒಪ್ಪಿದ್ದು.

ಚಟುವಟಿಕೆಗಳನ್ನು ನಾನು ಮಾಡಿಸಿಲ್ಲವೆಂದಲ್ಲ. ಬಣ್ಣದ ಕಾಗದದ ಆಕೃತಿಗಳನ್ನು ಅಂಟಿಸಿ ಮನೆ, ಬೆಕ್ಕು, ರೈಲು ಮಾಡಿಸಿದ್ದೇನೆ. ಬೆಂಡೆಕಾಯಿಯನ್ನು ಅಡ್ಡ ಕೊಯ್ದು ಬಣ್ಣದಲ್ಲಿ ಅದ್ದಿ ಅಚ್ಚು ಒತ್ತಿಸಿದ್ದೇನೆ. ತರಗತಿಯಲ್ಲಿ ತಲೆಯ ಮೇಲೆ ದಾರ ಕಟ್ಟಿ ಮಾಡಿದ ಕಲಿಕಾ ಚಪ್ಪರದ ತುಂಬ ಮಕ್ಕಳ ಕೆಲಸ ತೂಗಾಡುತ್ತಿದೆ, ಮಕ್ಕಳಿಗೂ ಬಹಳ ಸಂತೋಷವಾಗಿದೆ. ಆದರೂ ಮರುವಾರ ಅದೇ ತಪ್ಪು ಮರುಕಳಿಸುತ್ತದೆ. ಮೂರನೆಯ ತರಗತಿಯ ಏಳು ಮಕ್ಕಳು ಬರುವ ವರ್ಷ ಕೋನ, ಸುತ್ತಳತೆ ಎಂದು ಮುಂದಿನ ಪಾಠಗಳಿಗೆ ಹೋಗುವವರು. ಅಷ್ಟರೊಳಗೆ ಅವರಿಗೆ ಆಕೃತಿಯೊಂದರ ಲಕ್ಷಣವನ್ನು ನೋಡುವ ಅಭ್ಯಾಸವಾದರೂ ಆಗಬೇಕೆಂಬುದು ನನ್ನ ಆಸೆ. ಯಾವ ಚಟುವಟಿಕೆಗಳನ್ನು ಯಾವ ಕ್ರಮದಲ್ಲಿ ಮಾಡಿಸಬೇಕು? ತ್ರಿಭುಜ, ಆಯತ, ಶೃಂಗ (ಎರಡು ಬಾಹುಗಳು ಕೂಡುವ ಮೂಲೆ) ಮುಂತಾದ ಪದಗಳನ್ನು ಯಾವಾಗ ಹೇಳಬೇಕು? ಹಳ್ಳಿಯಲ್ಲಿ ಸಿಗುವ ಸಾಮಗ್ರಿಯಿಂದಲೇ ಆಗುವಂತಹ ದಾರಿಗಳನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ನಿವೃತ್ತ ಶಿಕ್ಷಕ, ಮೈಸೂರು

ಮೇಡಂ, ಆ ಹುಡುಗಿ ಹೇಳಿದ “ಬಿದ್ದೈತ್ರಿ” ಎಂಬ ಮಾತನ್ನು ದಯವಿಟ್ಟು ತಪ್ಪು ಉತ್ತರವೆಂದು ಎಣಿಸಬೇಡಿ. ಅವಳು ತ್ರಿಭುಜವನ್ನು ಒಂದು ಮುಖವನ್ನು ಗುರುತಿಸುವಂತೆ ಇಡಿಯಾಗಿ ಗುರುತಿಸುತ್ತಿದ್ದಾಳೆ; ತಲೆಕೆಳಗಾದ ಮುಖದ ಗುರುತು ನಮಗೂ ಬೇಗ ಹತ್ತುವುದಿಲ್ಲ. ನೆದರ್ಲೆಂಡ್ಸಿನಲ್ಲಿ ಶಿಕ್ಷಕರಾಗಿದ್ದ ಪಿಯರ್ ವ್ಯಾನ್ ಹೀಲೆ ಮತ್ತು ಡೀನಾ ವ್ಯಾನ್ ಹೀಲೆ ದಂಪತಿ ತಮ್ಮ ತರಗತಿಗಳಲ್ಲಿ ಇದೇ ತೊಡಕನ್ನು ಕಂಡು, 1957ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಮಂಡಿಸಿದ ತಮ್ಮ ಪ್ರಬಂಧಗಳಲ್ಲಿ ಅದನ್ನು ವಿವರಿಸಿದರು. ಅವರ ಪ್ರಕಾರ ಮಕ್ಕಳು ಮೊದಲು ಆಕೃತಿಯ ಒಟ್ಟು ನೋಟವನ್ನು ಗುರುತಿಸುತ್ತಾರೆ. ಎಷ್ಟು ಬಾಹು, ಎಷ್ಟು ಮೂಲೆ, ಯಾವುದು ಯಾವುದಕ್ಕೆ ಸಮ ಎಂಬ ಲಕ್ಷಣಗಳನ್ನು ಕಾಣುವುದು ಅದರ ಮುಂದಿನ ಹಂತ. ಒಂದು ಲಕ್ಷಣದಿಂದ ಇನ್ನೊಂದು ಹೇಗೆ ಬರುತ್ತದೆ ಎಂಬ ತರ್ಕ ಅದಕ್ಕೂ ಆಚೆಯದು. ಒಂದು ಹಂತದಿಂದ ಮತ್ತೊಂದಕ್ಕೆ ದಾಟುವುದು ವಯಸ್ಸಾದಂತೆ ತಾನಾಗಿ ಆಗುವ ಕೆಲಸವಲ್ಲ, ಮಗುವಿಗೆ ಸಿಕ್ಕ ಅನುಭವದಿಂದ ಮತ್ತು ಕಲಿಸುವ ರೀತಿಯಿಂದ ಆಗುತ್ತದೆ ಎಂದು ಅವರು ಹೇಳಿದ್ದು ನಮ್ಮಂತಹ ಶಿಕ್ಷಕರಿಗೆ ಬಹಳ ಮುಖ್ಯ. ನಿಮ್ಮ ಮಕ್ಕಳು ಮೊದಲ ಹಂತದಲ್ಲಿದ್ದಾರೆ. ಅಂಟಿಸುವ ಕೆಲಸ ಅವರನ್ನು ಅಲ್ಲಿಯೇ ಇರಿಸುತ್ತದೆ, ಏಕೆಂದರೆ ಮನೆಯ ಮಾಡಿಗೆ ತ್ರಿಭುಜ ಅಂಟಿಸುವ ಮಗುವಿಗೆ ಅದರ ಬಾಹುಗಳನ್ನು ಎಣಿಸಬೇಕಾದ ಅಗತ್ಯವೇ ಬೀಳುವುದಿಲ್ಲ.

ಆದ್ದರಿಂದ ಮೊದಲು ಕಣ್ಣನ್ನು ಬದಿಗಿಟ್ಟು ಕೈಗೆ ಕೆಲಸ ಕೊಡಿ. ಒಂದು ಬಟ್ಟೆಯ ಕೈಚೀಲದಲ್ಲಿ ದಪ್ಪ ರಟ್ಟಿನ ಹತ್ತು ಹನ್ನೆರಡು ಆಕೃತಿಗಳನ್ನು ಹಾಕಿ. ಮಗು ಒಳಗೆ ಕೈಯಿಟ್ಟು ಒಂದನ್ನು ಹಿಡಿದುಕೊಳ್ಳಬೇಕು, ಹೊರಗೆ ತೆಗೆಯಬಾರದು, ಹೆಸರನ್ನೂ ಹೇಳಬಾರದು. ಬೆರಳಿಗೆ ಏನು ಸಿಗುತ್ತಿದೆ ಎಂಬುದನ್ನಷ್ಟೇ ಹೇಳಬೇಕು. “ಒಂದು ಚೂಪು ಇದೆ, ಇನ್ನೊಂದು ಚೂಪು ಇದೆ, ನಡುವೆ ನೆಟ್ಟಗಿದೆ” ಎಂದು ಮಗು ಹೇಳತೊಡಗಿದಾಗ ಉಳಿದವರು ಅದೇನೆಂದು ಊಹಿಸುತ್ತಾರೆ. ಚೀಲದೊಳಗೆ ಮೇಲು ಕೆಳಗು ಎಂಬುದೇ ಇಲ್ಲವಾದ್ದರಿಂದ “ಬಿದ್ದಿದೆ” ಎಂಬ ಮಾತು ಅಲ್ಲಿ ಹುಟ್ಟುವುದೇ ಇಲ್ಲ. ನನ್ನ ತರಗತಿಯಲ್ಲಿ ಮಕ್ಕಳು ಎಣಿಸುವಾಗ ದಾರಿ ತಪ್ಪಿ ಒಂದೇ ಮೂಲೆಯನ್ನು ಎರಡು ಸಲ ಎಣಿಸುತ್ತಿದ್ದರು. ಒಬ್ಬ ಹುಡುಗ ತಾನಾಗಿಯೇ ಎಡಗೈ ಹೆಬ್ಬೆರಳನ್ನು ಮೊದಲ ಮೂಲೆಯ ಮೇಲೆ ಒತ್ತಿಟ್ಟುಕೊಂಡು ಬಲಗೈಯಿಂದ ಸುತ್ತು ಹಾಕುವ ಉಪಾಯ ಕಂಡುಕೊಂಡ. ಆಮೇಲೆ ಎಲ್ಲರೂ ಹಾಗೆಯೇ ಮಾಡಿದರು.

ಎರಡನೆಯದಾಗಿ, ತ್ರಿಭುಜವಲ್ಲದವುಗಳನ್ನು ತ್ರಿಭುಜಗಳಷ್ಟೇ ಧಾರಾಳವಾಗಿ ತೋರಿಸಿ. ನಿಮ್ಮ ಸಮೋಸದ ತುಂಡು ಬಹಳ ಒಳ್ಳೆಯ ಸಾಮಗ್ರಿ, ಅದನ್ನು ಎಸೆಯಬೇಡಿ. ಒಂದು ಕಡೆ ಬಾಯಿ ತೆರೆದ ತ್ರಿಭುಜ, ಒಂದು ಬಾಹು ಬಾಗಿದ ತ್ರಿಭುಜ, ಒಂದು ಮೂಲೆ ಮೊಂಡಾಗಿ ಕತ್ತರಿಸಿ ನಾಲ್ಕು ಬಾಹುಗಳಾದದ್ದು, ಮುಳ್ಳಿನಂತೆ ಸಪೂರವಾದದ್ದು ಇವನ್ನೆಲ್ಲ ಸೇರಿಸಿ ಇಪ್ಪತ್ತು ಕಾರ್ಡುಗಳನ್ನು ಮಾಡಿಕೊಂಡು ಎರಡು ಗುಂಪು ಮಾಡಲು ಹೇಳಿ. ಉತ್ತರವನ್ನು ನೀವು ಹೇಳಬೇಡಿ, “ಇದನ್ನು ಇಲ್ಲಿಗೆ ಏಕೆ ಹಾಕಿದೆ?” ಎಂದು ಮಾತ್ರ ಕೇಳಿ. ಮಕ್ಕಳು ಪರಸ್ಪರ ವಾದ ಮಾಡುವ ಆ ಹತ್ತು ನಿಮಿಷಗಳಲ್ಲಿ “ಮೂರು ಗೆರೆ, ನೆಟ್ಟಗೆ ಇರಬೇಕು, ಎಲ್ಲಿಯೂ ಬಿಟ್ಟುಹೋಗಬಾರದು” ಎಂಬ ವ್ಯಾಖ್ಯೆ ಅವರ ಬಾಯಿಂದಲೇ ಬರುತ್ತದೆ. ತ್ರಿಭುಜ ಎಂಬ ಪದವನ್ನು ಗಟ್ಟಿಯಾಗಿ ಕೊಡಬೇಕಾದ ಸಮಯ ಅದು.

ಕ್ರಮದ ಬಗ್ಗೆ ಕೇಳಿದ್ದೀರಿ. ಗಟ್ಟಿ ವಸ್ತುಗಳಿಂದ ಆರಂಭಿಸಿ ಚಪ್ಪಟೆ ಆಕೃತಿಗಳಿಗೆ ಬರುವುದು ಒಳ್ಳೆಯದೆಂದು ನನ್ನ ಅನುಭವ. ಶಿಶುವಿಹಾರ ಪದ್ಧತಿಯನ್ನು ರೂಪಿಸಿದ ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್ ಕೂಡ ಮಕ್ಕಳ ಕೈಗೆ ಮೊದಲು ಚೆಂಡನ್ನೂ, ಅನಂತರ ಮರದ ಗೋಳ, ಸಿಲಿಂಡರ್ ಮತ್ತು ಘನಗಳನ್ನೂ ಕೊಟ್ಟರು. ಒಂದು ಹಲಗೆಯನ್ನು ಇಟ್ಟಿಗೆಯ ಮೇಲೆ ಓರೆಯಾಗಿಟ್ಟು ಬೆಂಕಿಪೊಟ್ಟಣ, ಗೋಲಿ, ಬ್ಯಾಟರಿ ಸೆಲ್, ಸಾಬೂನಿನ ಪೆಟ್ಟಿಗೆ ಇವುಗಳಲ್ಲಿ ಯಾವುದು ಉರುಳುತ್ತದೆ, ಯಾವುದು ಜಾರುತ್ತದೆ, ಯಾವುದು ಎರಡನ್ನೂ ಮಾಡುತ್ತದೆ ಎಂದು ನೋಡಲಿ. ಬಳಿಕ ಅವೇ ವಸ್ತುಗಳನ್ನು ನೆಲದ ಮೇಲಿಟ್ಟು ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆಯಲಿ. ನಿಲ್ಲಿಸಿದ ಸೆಲ್ಲಿನ ಗುರುತು ವೃತ್ತವಾಗಿ, ಬೆಂಕಿಪೊಟ್ಟಣದ ಗುರುತು ಇಡುವ ರೀತಿಯಂತೆ ಮೂರು ಬಗೆಯ ಆಯತಗಳಾಗಿ ಬರುವುದನ್ನು ಕಂಡಾಗ, ಚಪ್ಪಟೆ ಆಕೃತಿ ಎಂಬುದು ಗಟ್ಟಿ ವಸ್ತುವಿನ ಒಂದು ಮುಖ ಎಂದು ತಿಳಿಯುತ್ತದೆ.

ಇಲ್ಲಿ ನಮ್ಮ ಭಾಷೆಯ ಒಂದು ಸೂಕ್ಷ್ಮವನ್ನೂ ಗಮನಿಸಬೇಕು. ನಮ್ಮ ಮಕ್ಕಳು ಬಳೆಯನ್ನೂ ದುಂಡು ಎನ್ನುತ್ತಾರೆ, ನಾಣ್ಯವನ್ನೂ ದುಂಡು ಎನ್ನುತ್ತಾರೆ, ಚೆಂಡನ್ನೂ ದುಂಡು ಎನ್ನುತ್ತಾರೆ. ಮೂರನ್ನೂ ಒಟ್ಟಿಗೆ ಕೈಗೆ ಕೊಟ್ಟು, “ಯಾವುದರ ಒಳಗೆ ಬೆರಳು ತೂರುತ್ತದೆ, ಯಾವುದನ್ನು ಪುಸ್ತಕದೊಳಗೆ ಮುಚ್ಚಿಡಬಹುದು, ಯಾವುದನ್ನು ಮುಚ್ಚಿಡಲು ಆಗದು?” ಎಂದು ಕೇಳಿ. ವೃತ್ತ ಮತ್ತು ಗೋಳ ಎಂಬ ಎರಡು ಪದಗಳು ಏಕೆ ಬೇಕಾದವು ಎಂಬುದನ್ನು ಆಗ ವಿವರಿಸಬೇಕಾಗಿಯೇ ಬರುವುದಿಲ್ಲ.

ಉತ್ತರ 2: ಹಿರಿಯ ಪ್ರಾಥಮಿಕ ಶಾಲೆಯ ಗಣಿತ ಶಿಕ್ಷಕ, ತುಮಕೂರು ಜಿಲ್ಲೆ

ಗುರುಗಳು ಹೇಳಿದ್ದನ್ನು ಒಪ್ಪುತ್ತೇನೆ. ಅದರ ಜೊತೆಗೆ, ಕತ್ತರಿಸಿಟ್ಟ ಆಕೃತಿಗಳನ್ನು ಮುಟ್ಟುವುದರಲ್ಲಿಯೇ ನಿಲ್ಲದೆ ಮಕ್ಕಳು ಆಕೃತಿಯನ್ನು ತಾವೇ ಕಟ್ಟಬೇಕು ಎಂದು ಒತ್ತಿ ಹೇಳಲು ಬಯಸುತ್ತೇನೆ. ನನ್ನ ಬಳಿಗೆ ಆರನೆಯ ತರಗತಿಗೆ ಬರುವ ಮಕ್ಕಳಲ್ಲಿ ಅನೇಕರು ಸಮಾನಾಂತರ ಚತುರ್ಭುಜದ ವ್ಯಾಖ್ಯೆಯನ್ನು ಕಂಠಪಾಠ ಒಪ್ಪಿಸುತ್ತಾರೆ, ಆದರೆ ನಾಲ್ಕು ಕಡ್ಡಿಗಳನ್ನು ಕೈಗೆ ಕೊಟ್ಟರೆ ಅದನ್ನು ಮಾಡಿ ತೋರಿಸಲಾರರು.

ಬೆಂಕಿಕಡ್ಡಿಗಳ ಮದ್ದನ್ನು ಕೆರೆದು ತೆಗೆದು, ಸೈಕಲ್ ಅಂಗಡಿಯಲ್ಲಿ ಸಿಗುವ ವಾಲ್ವ್ ಟ್ಯೂಬನ್ನು ಸಣ್ಣ ಸಣ್ಣ ತುಂಡುಗಳಾಗಿ ಕತ್ತರಿಸಿಕೊಂಡರೆ ಕಡ್ಡಿಗಳನ್ನು ಜೋಡಿಸುವ ಕೀಲು ಸಿದ್ಧವಾಗುತ್ತದೆ. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ ಆರಂಭವಾದ ವಿಜ್ಞಾನ ಬೋಧನಾ ಕಾರ್ಯಕ್ರಮದ ಜೊತೆ ಕೆಲಸ ಮಾಡಿದ ಅರವಿಂದ ಗುಪ್ತ ಅವರಿಂದಾಗಿ ಈ ಜೋಡಣೆ ದೇಶದ ಅನೇಕ ಶಾಲೆಗಳಿಗೆ ತಲುಪಿತು. ಮಕ್ಕಳು ಮೊದಲು ಮೂರು ಕಡ್ಡಿಗಳ ತ್ರಿಭುಜವನ್ನು ಮಾಡಲಿ, ಅನಂತರ ನಾಲ್ಕು ಕಡ್ಡಿಗಳ ಚೌಕವನ್ನು ಮಾಡಲಿ. ಎರಡನ್ನೂ ಎರಡು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಒತ್ತಲು ಹೇಳಿ. ತ್ರಿಭುಜ ಅಲುಗಾಡುವುದಿಲ್ಲ, ಚೌಕ ವಾಲಿಕೊಂಡು ವಜ್ರಾಕೃತಿಯಾಗುತ್ತದೆ. ಮತ್ತೊಂದು ಕಡ್ಡಿಯನ್ನು ಮೂಲೆಯಿಂದ ಮೂಲೆಗೆ ಕೂರಿಸಲು ಹೋದಾಗ ಅದು ಚೌಕದ ಕರ್ಣಕ್ಕೆ ಸಾಲದೆ ಚಿಕ್ಕದಾಗುತ್ತದೆ, ಚೌಕ ವಾಲಿದ ಮೇಲೆ ಮಾತ್ರ ಸರಿಯಾಗಿ ಕೂರುತ್ತದೆ. ಇದನ್ನು ಮೂರನೆಯ ತರಗತಿಯ ಮಕ್ಕಳೂ ಗಮನಿಸುತ್ತಾರೆ. ಶಾಲೆಯ ಗೇಟಿಗೆ ಓರೆಪಟ್ಟಿ ಏಕೆ ಹೊಡೆದಿದ್ದಾರೆ, ಹಂಚಿನ ಮಾಡಿನ ಕೆಳಗಿನ ಮರಗಳು ಏಕೆ ತ್ರಿಕೋನವಾಗಿ ನಿಂತಿವೆ ಎಂದು ಅವರೇ ಹೊರಗೆ ಹೋಗಿ ನೋಡಿಕೊಂಡು ಬರಲಿ.

ತೆಂಗಿನ ಗರಿಯ ಕಡ್ಡಿಗಳನ್ನು ಬೆರಳಗಲದ ಲೆಕ್ಕದಲ್ಲಿ ತುಂಡು ಮಾಡಿಕೊಳ್ಳಿ: ಮೂರು ಬೆರಳಗಲ, ನಾಲ್ಕು ಬೆರಳಗಲ, ಎಂಟು ಬೆರಳಗಲ. ಈ ಮೂರರಿಂದ ತ್ರಿಭುಜ ಮಾಡಲು ಹೇಳಿದರೆ ಮಕ್ಕಳು ಬಹಳ ಹೊತ್ತು ಹೆಣಗುತ್ತಾರೆ, ಏಕೆಂದರೆ ಚಿಕ್ಕ ಕಡ್ಡಿಗಳ ತುದಿಗಳು ಕೂಡುವುದೇ ಇಲ್ಲ. ಎಂಟರ ಕಡ್ಡಿಯನ್ನು ಮುರಿದು ಏಳು ಮಾಡಿದರೆ ತುದಿಗಳು ಕೂಡುತ್ತವೆ, ಆದರೆ ಮೂರೂ ಒಂದೇ ಗೆರೆಯಲ್ಲಿ ಮಲಗಿಬಿಡುತ್ತವೆ. ಆರಕ್ಕೆ ಇಳಿಸಿದಾಗ ಮಾತ್ರ ತ್ರಿಭುಜ ಏಳುತ್ತದೆ. ಎರಡು ಬಾಹುಗಳ ಮೊತ್ತ ಮೂರನೆಯದಕ್ಕಿಂತ ಹೆಚ್ಚಿರಬೇಕೆಂಬ ನಿಯಮವನ್ನು ಮುಂದೆ ಓದುವಾಗ ಈ ಹೆಣಗಾಟ ಅವರ ನೆನಪಿಗೆ ಬರುತ್ತದೆ.

ಕೋನದ ವಿಷಯ ಕೇಳಿದ್ದೀರಿ. ಕೋನಮಾಪಕವನ್ನು ಅವಸರದಲ್ಲಿ ಕೈಗೆ ಕೊಡಬೇಡಿ. ಹಳೆಯ ಪತ್ರಿಕೆಯಿಂದ ಅಂಕುಡೊಂಕಾಗಿ ಒಂದು ತುಂಡನ್ನು ಹರಿದು ಕೊಡಿ. ಅದರಲ್ಲಿ ಒಂದೂ ನೆಟ್ಟನೆಯ ಅಂಚು ಇರಬಾರದು. ಮಗು ಅದನ್ನು ಒಮ್ಮೆ ಮಡಿಸಿ ಉಗುರಿನಿಂದ ಉಜ್ಜಿದರೆ ನೇರ ಗೆರೆ ಬರುತ್ತದೆ. ಆ ಮಡಿಕೆಯು ತನ್ನ ಮೇಲೆಯೇ ಕೂರುವಂತೆ ಇನ್ನೊಮ್ಮೆ ಮಡಿಸಿದರೆ ಲಂಬಕೋನ ಬರುತ್ತದೆ. ಯಾವ ಅಳತೆಗೋಲೂ ಇಲ್ಲದೆ, ಹರಿದ ಕಾಗದದಿಂದ, ಮಗುವಿನ ಕೈಯಲ್ಲಿ ಅದರದೇ ಆದ ಮೂಲೆಮಟ್ಟ ತಯಾರಾಗುತ್ತದೆ. ಅದನ್ನು ಹಿಡಿದುಕೊಂಡು ಬಾಗಿಲು, ಕಿಟಕಿ, ಸ್ಲೇಟು, ಪುಸ್ತಕ, ಮೇಜಿನ ಕಾಲು ಎಲ್ಲವನ್ನೂ ಪರೀಕ್ಷಿಸಿ “ಇದಕ್ಕೆ ಸಮ, ಇದಕ್ಕಿಂತ ಚಿಕ್ಕದು, ಇದಕ್ಕಿಂತ ದೊಡ್ಡದು” ಎಂದು ಮೂರು ಗುಂಪು ಮಾಡಲಿ. ಲಂಬಕೋನ, ಲಘುಕೋನ, ವಿಶಾಲಕೋನ ಇಷ್ಟರಲ್ಲಿಯೇ ಬಂದುಬಿಟ್ಟವು. ಹೆಸರನ್ನು ಮುಂದಿನ ವರ್ಷ ಹೇಳಿದರೂ ನಡೆಯುತ್ತದೆ. ಊರಿನಲ್ಲಿ ಮನೆ ಕಟ್ಟುತ್ತಿದ್ದರೆ ಗಾರೆ ಕೆಲಸದವರು ಪಾಯದ ಮೂಲೆಯನ್ನು ಮೂರಡಿ, ನಾಲ್ಕಡಿ ಗುರುತು ಮಾಡಿ ಓರೆಗೆ ಐದಡಿ ಬರುವಂತೆ ದಾರ ಹಿಡಿಯುವುದನ್ನೂ ಒಮ್ಮೆ ತೋರಿಸಿ.

ಕಾಗದ ಮಡಿಸುವುದನ್ನು ಆಟವೆಂದು ಹಗುರವಾಗಿ ಕಾಣುವವರಿಗಾಗಿ ಒಂದು ಮಾತು ಹೇಳಬೇಕು. 1893ರಲ್ಲಿ ಮದ್ರಾಸಿನಲ್ಲಿ ಟಿ. ಸುಂದರ ರಾವ್ ಅವರು ಕಾಗದ ಮಡಿಸುವುದರಿಂದಲೇ ರೇಖಾಗಣಿತವನ್ನು ಕಟ್ಟುವ ಪುಸ್ತಕವನ್ನು ಪ್ರಕಟಿಸಿದರು. ಶಿಶುವಿಹಾರದ ಮಕ್ಕಳಿಗೆ ಕೊಡುವ ಮಡಿಕೆಯ ಕಾಗದಗಳಿಂದ ತಮಗೆ ಈ ಆಲೋಚನೆ ಬಂತೆಂದು ಅವರೇ ಬರೆದಿದ್ದಾರೆ, ಮತ್ತು ಜರ್ಮನಿಯ ಹೆಸರಾಂತ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಆ ಪುಸ್ತಕವನ್ನು ತಮ್ಮ ಬರಹದಲ್ಲಿ ಉಲ್ಲೇಖಿಸಿದರು.

ಉತ್ತರ 3: ರಂಗೋಲಿ ಕಲಿಸುವ ಗೃಹಿಣಿ, ಶಿವಮೊಗ್ಗ

ನಾನು ಶಿಕ್ಷಕಿಯಲ್ಲ. ರಜಾದಿನಗಳಲ್ಲಿ ನಮ್ಮ ಬೀದಿಯ ಮಕ್ಕಳಿಗೆ ರಂಗೋಲಿ ಹೇಳಿಕೊಡುತ್ತೇನೆ. ಗಟ್ಟಿ ವಸ್ತುಗಳಿಂದಲೇ ಆರಂಭಿಸಬೇಕು ಎಂಬ ಮಾತನ್ನು ನಾನು ಪೂರ್ತಿಯಾಗಿ ಒಪ್ಪಲಾರೆ, ಏಕೆಂದರೆ ನಮ್ಮ ಮನೆಗಳಲ್ಲಿ ಅನೇಕ ಮಕ್ಕಳು ಅಕ್ಷರ ಬರುವ ಮೊದಲೇ ಚುಕ್ಕಿ ಇಡುವುದನ್ನು ನೋಡಿರುತ್ತಾರೆ. ಮಕ್ಕಳಿಗೆ ಈಗಾಗಲೇ ಪರಿಚಯವಿರುವ ಕಡೆಯಿಂದ ಹೊರಡುವುದು ಸುಲಭ.

ನೇರ ಚುಕ್ಕಿಯ ಏಳರಿಂದ ಒಂದಕ್ಕೆ ಇಳಿಯುವ ರಂಗೋಲಿಯಲ್ಲಿ ನಡುವಿನ ಸಾಲಿಗೆ ಏಳು, ಅದರ ಮೇಲೂ ಕೆಳಗೂ ಐದೈದು, ಆಮೇಲೆ ಮೂರು ಮೂರು, ಕೊನೆಗೆ ಒಂದೊಂದು ಚುಕ್ಕಿ ಬರುತ್ತದೆ; ಒಟ್ಟು 25. ಸಂದು ಚುಕ್ಕಿಯ ಏಳರಿಂದ ನಾಲ್ಕಕ್ಕೆ ಇಳಿಯುವ ರಂಗೋಲಿಯಲ್ಲಿ ಎರಡು ಚುಕ್ಕಿಗಳ ಸಂದಿನಲ್ಲಿ ಮುಂದಿನ ಸಾಲಿನ ಚುಕ್ಕಿ ಕೂರುತ್ತದೆ. ಅಲ್ಲಿ ಒಟ್ಟು 37. ನಾನು ಮಕ್ಕಳಿಗೆ ಎರಡನ್ನೂ ಪಕ್ಕಪಕ್ಕದಲ್ಲಿ ಇಡಿಸಿ, ಅಕ್ಕಪಕ್ಕದ ಚುಕ್ಕಿಗಳನ್ನು ಸೇರಿಸಿ ಯಾವ ಯಾವ ಆಕೃತಿ ಬರುತ್ತದೆ ನೋಡಿ ಎನ್ನುತ್ತೇನೆ. ಮೊದಲನೆಯದರಲ್ಲಿ ಎತ್ತ ನೋಡಿದರೂ ಚೌಕಗಳು ಬರುತ್ತವೆ. ಎರಡನೆಯದರಲ್ಲಿ, ಚುಕ್ಕಿಗಳ ನಡುವಿನ ಅಂತರ ಎಲ್ಲ ಕಡೆಗೂ ಒಂದೇ ಇದ್ದರೆ, ಮೂರೂ ಬಾಹು ಸಮನಾದ ತ್ರಿಭುಜಗಳೂ ಆರು ಮೂಲೆಯ ಜೇನುಗೂಡಿನ ಮನೆಗಳೂ ಬರುತ್ತವೆ. ಹೋದ ವರ್ಷ ಒಬ್ಬ ಹುಡುಗ ಸಂದು ಚುಕ್ಕಿಯಲ್ಲಿ ಚೌಕ ಮಾಡಿಯೇ ತೀರುತ್ತೇನೆಂದು ಅರ್ಧ ಗಂಟೆ ಕುಳಿತ. ಆಗಲಿಲ್ಲ. ಅವನ ಅಕ್ಕ ಕಾಲೇಜಿನಲ್ಲಿ ಗಣಿತ ಓದುತ್ತಾಳೆ. ಸಂದು ಚುಕ್ಕಿಯಲ್ಲಿ ಎಷ್ಟೇ ಚುಕ್ಕಿಗಳನ್ನು ಇಟ್ಟರೂ ಚೌಕ ಬರಲಾರದು, ಹಾಗೆಯೇ ನೇರ ಚುಕ್ಕಿಯಲ್ಲಿ ಮೂರೂ ಬಾಹು ಸರಿಸಮನಾದ ತ್ರಿಭುಜ ಬರಲಾರದು ಎಂದು ಅವಳು ನನಗೆ ವಿವರಿಸಿದಳು. ಇಷ್ಟು ವರ್ಷ ಎರಡನ್ನೂ ಹಾಕುತ್ತ ಬಂದಿದ್ದರೂ ನನಗೆ ಅದು ಹೊಳೆದಿರಲಿಲ್ಲ. ಹಲಗೆಗೆ ಮೊಳೆ ಹೊಡೆದು ರಬ್ಬರ್ ಬ್ಯಾಂಡ್ ಎಳೆಯುವ ಜಿಯೋಬೋರ್ಡ್ ಎಂಬ ಸಾಧನ ಶಾಲೆಗಳಲ್ಲಿ ಇರುತ್ತದಂತೆ. ಮೊಳೆಗಳನ್ನು ನೇರ ಸಾಲಿನಲ್ಲಿ ಹೊಡೆದಿದ್ದರೆ ಅದಕ್ಕೂ ಇದೇ ಮಿತಿ ಇರುತ್ತದೆ, ಆದ್ದರಿಂದ ಎರಡು ಬಗೆಯ ಹಲಗೆಗಳೂ ಬೇಕು.

ನಿಮ್ಮ “ಬಿದ್ದ ತ್ರಿಭುಜ”ಕ್ಕೂ ರಂಗೋಲಿಯಲ್ಲಿ ಪರಿಹಾರವಿದೆ. ನೆಲದ ಮೇಲೆ ಬರೆದ ರಂಗೋಲಿಗೆ ಇದೇ ಮೇಲ್ಭಾಗ ಎಂಬುದು ಇರುವುದಿಲ್ಲ. ಸಂದು ಚುಕ್ಕಿಯಲ್ಲಿ ಒಂದು ತ್ರಿಭುಜವನ್ನು ಎಳೆದು ಮಕ್ಕಳನ್ನು ಅದರ ಸುತ್ತ ಕೂರಿಸಿ. ಒಬ್ಬರಿಗೆ ನೆಟ್ಟಗೆ ಕಂಡದ್ದು ಎದುರಿಗೆ ಕುಳಿತವರಿಗೆ ಬಿದ್ದಂತೆ ಕಾಣುತ್ತದೆ. ಜಾಗ ಬದಲಿಸಿಕೊಳ್ಳಲು ಹೇಳಿದರೆ ಸಾಕು. ಹಾಗೆಯೇ, ನಡುವೆ ಒಂದು ಗೆರೆ ಎಳೆದು ಒಂದು ಪಕ್ಕವನ್ನು ನೀವು ಬರೆದು ಇನ್ನೊಂದು ಪಕ್ಕವನ್ನು ಮಕ್ಕಳಿಂದ ತುಂಬಿಸಿದರೆ ಸಮಮಿತಿ ತಾನಾಗಿ ಬರುತ್ತದೆ, ತಪ್ಪಿದ ಎಳೆ ಅವರ ಕಣ್ಣಿಗೇ ಚುಚ್ಚುತ್ತದೆ.

ಅಡುಗೆಮನೆಯ ಒಂದು ಸಂಗತಿಯನ್ನೂ ಸೇರಿಸುತ್ತೇನೆ. ತಟ್ಟೆಗೆ ಹರಡಿದ ಕೊಬ್ಬರಿ ಮಿಠಾಯಿಯನ್ನು ಮೊದಲು ಸಮ ಅಂತರದ ನೇರ ಗೆರೆಗಳಲ್ಲಿ ಕೊಯ್ದು, ಎರಡನೆಯ ಸಲ ಅಡ್ಡಕ್ಕೆ ಕೊಯ್ದರೆ ಚೌಕ ಬರುತ್ತದೆ, ಅದೇ ಅಂತರದಲ್ಲಿ ಓರೆಗೆ ಕೊಯ್ದರೆ ವಜ್ರಾಕೃತಿ ಬರುತ್ತದೆ. ಒದ್ದೆ ಮಣ್ಣನ್ನು ತಟ್ಟೆಗೆ ಹರಡಿ ಶಾಲೆಯಲ್ಲಿಯೂ ಇದನ್ನು ಮಾಡಿಸಬಹುದು.

ಉತ್ತರ 4: ಸಮೂಹ ಸಂಪನ್ಮೂಲ ವ್ಯಕ್ತಿ, ಚಿತ್ರದುರ್ಗ ಜಿಲ್ಲೆ

ಮೇಡಂ, ಮೂರು ತರಗತಿಗಳು ಒಂದೇ ಕೋಣೆಯಲ್ಲಿ ಇರುವುದರಿಂದ ಮೂರು ಬಗೆಯ ಸಾಮಗ್ರಿ ಮಾಡಲು ಹೋಗಬೇಡಿ. ಅದಕ್ಕೆ ನಿಮಗೆ ಸಮಯ ಸಿಗುವುದಿಲ್ಲ. ಗುರುಗಳು ಹೇಳಿದ ಆ ಇಪ್ಪತ್ತು ಕಾರ್ಡುಗಳೇ ಸಾಕು, ಪ್ರಶ್ನೆಯನ್ನು ಮಾತ್ರ ಬದಲಿಸಿ. ಒಂದನೆಯ ತರಗತಿಯ ಮಕ್ಕಳು ಕಾರ್ಡುಗಳನ್ನು ಗುಂಪು ಮಾಡಲಿ, ಎರಡನೆಯವರು ಕಾರಣ ಹೇಳಲಿ, ಮೂರನೆಯವರು ಆ ಗುಂಪಿಗೆ ಸೇರುವ, ಆದರೆ ಈಗಿರುವ ಯಾವುದರಂತೆಯೂ ಕಾಣದ ಹೊಸದೊಂದನ್ನು ಮಾಡಿ ತರಲಿ. ಚಟುವಟಿಕೆ ಮುಗಿದ ಮೇಲೆ ಮಗು ಏನು ಮಾಡಿತು ಎಂಬುದರ ಬದಲಿಗೆ ಏನು ಹೇಳಿತು ಎಂಬುದನ್ನು ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. ಬದಲಾವಣೆ ನಿಮಗೆ ಆ ಸಾಲುಗಳಲ್ಲಿ ಕಾಣುತ್ತದೆ. ಒಂದು ನೋವಿನ ಮಾತನ್ನೂ ಹೇಳುತ್ತೇನೆ: ನಾನು ಭೇಟಿ ಕೊಟ್ಟ ಶಾಲೆಯೊಂದರಲ್ಲಿ ಗಣಿತದ ಕಿಟ್ಟನ್ನು ಕಳೆದುಹೋದೀತೆಂಬ ಭಯದಿಂದ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ ಬೀರುವಿನಲ್ಲಿ ಇಟ್ಟಿದ್ದರು. ತುಂಡೊಂದು ಕಳೆದರೆ ರಟ್ಟಿನಲ್ಲಿ ಕತ್ತರಿಸಿಕೊಳ್ಳಬಹುದು, ದಯವಿಟ್ಟು ಎಲ್ಲರೂ ಹೊರಗೆ ತೆಗೆಯಿರಿ.

ಪ್ರಶ್ನೆ ಕೇಳಿದವರಿಂದ: ನಲಿಕಲಿ ಶಿಕ್ಷಕಿ, ಹಾವೇರಿ ಜಿಲ್ಲೆ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಎರಡು ವಾರಗಳಲ್ಲಿ ಚೀಲದ ಆಟ, ಕಾರ್ಡುಗಳ ಗುಂಪು, ಹರಿದ ಕಾಗದದ ಮೂಲೆಮಟ್ಟ ಈ ಮೂರನ್ನು ಮಾಡಿಸಿದೆ. ಉಳಿದವುಗಳಿಗೆ ಕೈಹಾಕಲಿಲ್ಲ, ಏಕೆಂದರೆ ಈ ಮೂರರಲ್ಲಿಯೇ ಮಕ್ಕಳು ಬಿಡದೆ ತೊಡಗಿಕೊಂಡರು.

ಚೀಲದ ಆಟದ ಮೊದಲ ದಿನ ಎಲ್ಲರೂ ಹೆಸರನ್ನೇ ಕೂಗುತ್ತಿದ್ದರು. ಮೂರನೆಯ ದಿನ, ಹಿಂದೆ “ಬಿದ್ದೈತ್ರಿ” ಎಂದಿದ್ದ ಹುಡುಗಿ ಚೀಲದೊಳಗೆ ಕೈಯಿಟ್ಟು ಬಹಳ ಹೊತ್ತು ಸುಮ್ಮನಿದ್ದಳು. ಅವಳ ಕೈಗೆ ಸಿಕ್ಕಿದ್ದು ಆ ಮುಳ್ಳಿನಂತಹ ಸಪೂರ ತುಂಡು. “ಇದು ಮುಳ್ಳು” ಎಂದಳು, ಮತ್ತೆ ತಡೆದು, “ಮುಳ್ಳಿಗೂ ಮೂರು ಮೂಲೆ ಅದಾವ್ರಿ” ಎಂದಳು. ಕಾರ್ಡುಗಳನ್ನು ಗುಂಪು ಮಾಡುವಾಗ ಅವಳೇ ಅದನ್ನು ತೆಗೆದು ತ್ರಿಭುಜಗಳ ಕಡೆಗೆ ಇಟ್ಟಳು. ಸಮೋಸದ ವಿಷಯದಲ್ಲಿ ಮಾತ್ರ ಜಗಳ ಇನ್ನೂ ಮುಗಿದಿಲ್ಲ: ಇಬ್ಬರು ಹುಡುಗರು ಅದನ್ನು ತ್ರಿಭುಜವೆಂದೇ ಹಿಡಿದಿದ್ದಾರೆ, ಇನ್ನುಳಿದವರು ಅದರ ಅಂಚಿನ ಮೇಲೆ ಕಡ್ಡಿ ಇಟ್ಟು ನಡುವಿನ ಸಂದು ತೋರಿಸಿ ಅವರನ್ನು ಒಪ್ಪಿಸಲು ನೋಡುತ್ತಿದ್ದಾರೆ. ನಾನು ನಡುವೆ ಬಾಯಿ ಹಾಕಿಲ್ಲ.

ಮೂಲೆಮಟ್ಟವನ್ನು ಮಕ್ಕಳು ಮನೆಗೂ ಒಯ್ದರು. ಒಬ್ಬ ಹುಡುಗ ಮರುದಿನ ಬಂದು, ತಮ್ಮ ಮನೆಯ ಚೌಕಾಬಾರದ ಮಣೆಯ 25 ಮನೆಗಳಲ್ಲಿ ಒಂದು ಸಾಲು ಸೊಟ್ಟಗಿದೆ ಎಂದು ವರದಿ ಮಾಡಿದ.

ಈಗ ಹೊಸ ತೊಡಕೊಂದು ಎದುರಾಗಿದೆ. ಮೂರನೆಯ ತರಗತಿಯ ಮಕ್ಕಳು ಮೂಲೆಮಟ್ಟದಿಂದ ಆಯತವನ್ನೂ ಚೌಕವನ್ನೂ ಪರೀಕ್ಷಿಸಿ, ಎರಡರಲ್ಲಿಯೂ ನಾಲ್ಕು ಮೂಲೆಗಳು ಸರಿಯಾಗಿ ಕೂರುತ್ತವೆ ಎಂದು ಕಂಡರು. ಅವರಲ್ಲೊಬ್ಬಳು, “ಹಂಗಾದ್ರ ಚೌಕಾನೂ ಆಯತಾನೇ ಏನ್ರಿ?” ಎಂದು ಕೇಳಿದಳು. ಹೌದು ಎನ್ನಬೇಕೋ, ಮುಂದೆ ಕಲಿಯುತ್ತೀಯ ಎನ್ನಬೇಕೋ ತಿಳಿಯದೆ, ನಾಳೆ ನೋಡೋಣ ಎಂದಿದ್ದೇನೆ. ಏನು ಮಾಡಲಿ?

ಉತ್ತರ 5: ನಿವೃತ್ತ ಶಿಕ್ಷಕ, ಮೈಸೂರು

ಮೇಡಂ, ಬಹಳ ಸಂತೋಷವಾಯಿತು. ಆ ಹುಡುಗಿಗೆ ಹೌದು ಎಂದು ಖಂಡಿತ ಹೇಳಬಹುದು, ಆದರೆ ನಾಳೆಯೇ ಹೇಳಬೇಡಿ. ಒಂದು ಹಂತವನ್ನು ದಾಟುವ ಪ್ರಶ್ನೆ ಅವಳಿಂದಲೇ ಬಂದಿದೆ. ಉತ್ತರವೂ ಅವಳ ಕೈಯಿಂದಲೇ ಬರಲಿ.

ಒಂದು ಅಂಚೆ ಕಾರ್ಡ್ ತೆಗೆದುಕೊಳ್ಳಿ. ಅದು ಸುಮಾರು 14 ಸೆಂಟಿಮೀಟರ್ ಉದ್ದ, 9 ಸೆಂಟಿಮೀಟರ್ ಅಗಲವಿರುತ್ತದೆ. ಅದನ್ನು ಮೇಜಿನ ಮೇಲಿಟ್ಟು, ಒಂದು ನೋಟ್‌ಬುಕ್ಕಿನ ಅಂಚನ್ನು ಕಾರ್ಡಿನ ಅಗಲಕ್ಕೆ ಸರಿಯಾಗಿ ಹೊಂದಿಸಿ, ಬಲದಿಂದ ಎಡಕ್ಕೆ ಮೆಲ್ಲಗೆ ಸರಿಸುತ್ತ ಕಾರ್ಡನ್ನು ಮುಚ್ಚುತ್ತ ಹೋಗಲು ಆ ಹುಡುಗಿಗೆ ಹೇಳಿ. ಪ್ರತಿ ಸಲ ನಿಲ್ಲಿಸಿದಾಗಲೂ ಕಾಣುತ್ತಿರುವ ಭಾಗ ಏನೆಂದು ಉಳಿದವರು ಹೇಳಲಿ. ಆಯತ, ಆಯತ, ಆಯತ ಎನ್ನುತ್ತಲೇ ಹೋಗುತ್ತಾರೆ. ಕಾಣುವ ಭಾಗದ ಉದ್ದ 9 ಸೆಂಟಿಮೀಟರಿಗೆ ಇಳಿದಾಗ ಯಾರಾದರೂ ಚೌಕ ಎಂದು ಕೂಗುತ್ತಾರೆ. ಅಗಲದಷ್ಟೇ ಉದ್ದದ ಕಡ್ಡಿಯೊಂದನ್ನು ಇಟ್ಟು ಅದನ್ನು ಪರೀಕ್ಷಿಸಲಿ. ಅಲ್ಲಿ ನಿಲ್ಲದೆ ಇನ್ನೂ ಸರಿಸಿದರೆ ಮತ್ತೆ ಆಯತ ಬರುತ್ತದೆ, ಈ ಸಲ ನಿಂತ ಆಯತ.

ಆಗ ಅವರನ್ನು ಕೇಳಿ: ಆ ಒಂದು ಜಾಗದಲ್ಲಿ ಮೂಲೆಗಳೇನಾದರೂ ಬದಲಾದವೇ? ಎದುರುಬದುರು ಬಾಹುಗಳು ಸಮವಾಗಿರುವುದು ತಪ್ಪಿತೇ? ಮೂಲೆಮಟ್ಟ ಅವರ ಕೈಯಲ್ಲಿಯೇ ಇದೆ. ಸರಿಸುವ ಕೆಲಸವನ್ನು ಎರಡು ಮೂರು ಮಕ್ಕಳಿಗೆ ಸರದಿಯಲ್ಲಿ ಕೊಡಿ, ಮತ್ತು ಸಮೋಸವನ್ನು ತ್ರಿಭುಜವೆಂದು ಹಿಡಿದಿರುವ ಆ ಇಬ್ಬರು ಹುಡುಗರನ್ನು ಕಡ್ಡಿಯಿಂದ ಪರೀಕ್ಷಿಸುವ ಕೆಲಸಕ್ಕೆ ಹಾಕಿ.